ಕಪ್ಪಿನ ತಳ

ಲಾಂಗ್‌ಟನ್ನಿನಲ್ಲಿ ಯಾರ ಮನೆಗೆ ಹೋದರೂ
ಚಹಾ ಮುಗಿಸಿದವರು ಕಪ್ಪನ್ನು ಮಗುಚುತ್ತಾರೆ.
ಸಂಕೋಚವಿಲ್ಲ. ತಳದ ಮುದ್ರೆ ಓದಿ,
"ಓ, ನಮ್ಮೂರಿನದೇ" ಎಂದು ಮತ್ತೆ ನೆಟ್ಟಗಿಡುತ್ತಾರೆ.

ಇದನ್ನು ನನಗೆ ಕಲಿಸಿದ್ದು ಡೊರೀನ್ ಕೋಕ್ಲಿ.
ಮೂವತ್ತೆಂಟು ವರ್ಷ ಕಪ್ಪಿನ ಅಂಚಿಗೆ ಚಿನ್ನದ ಗೆರೆ ಎಳೆದವಳು,
ಸೊಂಟ ಮುರಿದುಕೊಂಡು ನನ್ನ ವಾರ್ಡಿಗೆ ಬಂದವಳು.
"ಗೆರೆ ನೋಡಿ ಕೊಳ್ಳಬೇಡ, ಡಕ್, ತಳ ನೋಡು."
(ಇಲ್ಲಿ ಎಲ್ಲರಿಗೂ ಎಲ್ಲರೂ ಬಾತುಕೋಳಿ.)

ರಾತ್ರಿ ಪಾಳಿಗಳೆಲ್ಲ ಮುಗಿದ ವರ್ಷ
ಅವಳು ದುಡಿದ ಥರ್ಸ್‌ಫೀಲ್ಡ್ ಪಿಂಗಾಣಿ ಕಂಪನಿಯ
ಮುನ್ನೂರು ಷೇರು ಕೊಂಡೆ.
ವಾರ್ಷಿಕ ವರದಿ ಅಂಚೆಯಲ್ಲಿ ಬಂತು,
ಮುಖಪುಟದಲ್ಲಿ ಹೂವಿನ ಟೀಪಾಟು.
ನಾನು ಹಿಂದಿನಿಂದ ತೆರೆದೆ.

ಪುಟ ನಲವತ್ತೇಳು.
ಉಳಿಸಿಕೊಂಡ ಗಳಿಕೆ: ಅರವತ್ತೆರಡು ಲಕ್ಷ ಪೌಂಡು.
ಲಾಭಾಂಶ: ಷೇರಿಗೆ ಎರಡು ಪೆನ್ನಿ.
ನನ್ನ ಪಾಲಿಗೆ ಆರು ಪೌಂಡು.
ಚೀಸ್ ಹಾಕಿದ ಎರಡು ಓಟ್‌ಕೇಕಿಗೆ ಸರಿಹೋಯಿತು,
ಅದೂ ನಮ್ಮ ದೋಸೆಯ ಬಡ ನೆಂಟ.

ಮೈ ಉರಿಯಿತು.
ಉಳಿಸಿಕೊಂಡ ಎಂಬ ಮಾತೇ ಹಾಗೆ,
ಕೇಳಿದೊಡನೆ ಒಂದು ಪೆಟ್ಟಿಗೆ ಕಾಣುತ್ತದೆ,
ಪೆಟ್ಟಿಗೆಯ ಮೇಲೆ ಕೂತ ಒಬ್ಬ ಜಿಪುಣ ಕಾಣುತ್ತಾನೆ.

ಸಭೆ ಇದ್ದದ್ದು ಚಾಪೆಲಿನ ಹಿಂದಿನ ಕೋಣೆಯಲ್ಲಿ.
ಹನ್ನೊಂದು ಜನ, ಒಂದು ಹೀಟರು.
ಕೈಯೆತ್ತಿದೆ: "ಆ ದುಡ್ಡು ಎಲ್ಲಿದೆ, ತೋರಿಸಿ."
ಲೆಕ್ಕದ ಮಲ್ಕಿನ್ ನಗಲಿಲ್ಲ.
ಕೋಟು ಹಾಕಿಕೊಂಡು, "ಬನ್ನಿ" ಎಂದರು.

ಗೂಡಿನ ಮುಂದೆ ನಿಂತು, "ಇದು ಹನ್ನೊಂದು ಲಕ್ಷ."
ಮುಟ್ಟಿದೆ. ಬಿಸಿಯಿತ್ತು.
ಅಚ್ಚುಗಳ ಅಟ್ಟ, ಒದ್ದೆ ಜೇಡಿಯ ತೊಟ್ಟಿ,
ಸೋರುವ ಮಾಡಿಗೆ ಹಾಕಿದ ಹೊಸ ಶೀಟು.
ಗೋದಾಮಿನಲ್ಲಿ ಯಾವುದೋ ರಾಜಮನೆತನದ ಮದುವೆಯ ಮಗ್ಗುಗಳು,
ಸಾಲುಸಾಲಾಗಿ, ಯಾರೂ ಕೊಳ್ಳದ ವಧೂವರರು.
ಬರ್ಮಿಂಗ್‌ಹ್ಯಾಮಿನ ಹೋಟೆಲೊಂದು ಇನ್ನೂ ಕೊಡದ ಬಾಕಿ,
ಅದನ್ನು ಮಾತ್ರ ತೋರಿಸಲು ಆಗಲಿಲ್ಲ.
"ಬ್ಯಾಂಕಿನಲ್ಲಿ?"
"ಮೂರು ಲಕ್ಷ. ಶುಕ್ರವಾರ ಸಂಬಳ."

ಹಾಗಾದರೆ ಪುಟ ನಲವತ್ತೇಳರಲ್ಲಿ ಇದ್ದದ್ದು ದುಡ್ಡಲ್ಲ,
ನೆನಪು. ಕಂಪನಿ ಹುಟ್ಟಿದಂದಿನಿಂದ
ಗಳಿಸಿ, ಹಂಚದೆ ಬಿಟ್ಟದ್ದರ ಮೊತ್ತ,
ಕಳೆದುಕೊಂಡ ವರ್ಷಗಳನ್ನು ಕಳೆದು.
ಒಂದು ವರ್ಷದ ಎದುರು ಅಂಕಿಗೆ ಆವರಣ ಚಿಹ್ನೆ ಇತ್ತು.
ಗೂಡು ಬಿರುಕುಬಿಟ್ಟ ವರ್ಷವಂತೆ.
ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ:
ಗಾದೆ ಹೇಳಿದ ನಮ್ಮಜ್ಜಿಗೆ ಆವರಣ ಚಿಹ್ನೆ ಗೊತ್ತಿರಲಿಲ್ಲ,
ಅರ್ಥ ಗೊತ್ತಿತ್ತು.

ಅಲ್ಲಿಗೇ ಸಮಾಧಾನ ಆಗಬೇಕಿತ್ತು. ಆಗಲಿಲ್ಲ.
ಹೆಪ್ಪಿಗೆಂದು ಒಂದು ಚಮಚ ಎತ್ತಿಡುವುದು ನನಗೂ ಗೊತ್ತು,
ಈ ಚಳಿಯಲ್ಲಿ ಬಾಯ್ಲರಿನ ಪಕ್ಕ ಪಾತ್ರೆಗೆ ಶಾಲು ಹೊದಿಸುತ್ತೇನೆ.
ಆದರೆ ಬೆಳಿಗ್ಗೆ ಎದ್ದು, ಮುಚ್ಚಳ ತೆಗೆದು,
ಕಟ್ಟಿತೇ ಎಂದು ನೋಡುತ್ತೇನಲ್ಲ?

ಹತ್ತು ವರ್ಷದ ವರದಿ ತರಿಸಿ, ಅಡಿಗೆಮನೆಯ ಮೇಜಿನ ಮೇಲೆ ಹರಡಿ,
ಪೆನ್ಸಿಲಿನಲ್ಲಿ ಕೂಡಿದೆ.
ಹತ್ತು ವರ್ಷದಲ್ಲಿ ಒಳಗೇ ಇಟ್ಟುಕೊಂಡದ್ದು ಇಪ್ಪತ್ತು ಲಕ್ಷ.
ವರ್ಷದ ಲಾಭ ನಾಲ್ಕು ಲಕ್ಷದಿಂದ
ನಾಲ್ಕು ಲಕ್ಷದ ಅರವತ್ತು ಸಾವಿರಕ್ಕೆ ಏರಿತ್ತು.
ಇಟ್ಟುಕೊಂಡ ಪೌಂಡಿಗೆ ಮೂರು ಪೆನ್ನಿ.
ನೀರುಮೊಸರು.
ಕಳ್ಳತನವಲ್ಲ, ಜಿಪುಣತನವೂ ಅಲ್ಲ.
ಇದಕ್ಕೊಂದು ಹೆಸರಿದ್ದರೆ ಹುಡುಕುವುದು ಸುಲಭವಿತ್ತು.

ಡೊರೀನಳಿಗೆ ಓದಿ ಹೇಳಿದೆ.
ಅವಳು ನರ್ಸಿಂಗ್ ಹೋಮಿನ ಕಪ್ಪು ಮಗುಚಿ,
"ಪ್ಲಾಸ್ಟಿಕ್ಕು," ಎಂದಳು. "ಮಾರಿಬಿಡ್ತೀಯಾ?"
ಗೊತ್ತಿಲ್ಲ. ಗೂಡಿನ ಬಿಸಿ ಇನ್ನೂ ಅಂಗೈಯಲ್ಲಿತ್ತು.

ಈ ವರ್ಷದ ಸಭೆಗೆ ಒಂಬತ್ತೇ ಜನ.
ಇನ್ನೊಂದು ಗೂಡು ಬೇಕೆಂದರು,
ಆದ್ದರಿಂದ ಲಾಭಾಂಶ ಒಂದು ಪೆನ್ನಿ ಎಂದರು.
ಕೈಯೆತ್ತಿದೆ: "ಆ ಗೂಡು ದುಡಿಯುವುದೆಷ್ಟು?
ಪೌಂಡಿಗೆ ಎಷ್ಟು ಪೆನ್ನಿ?"
ಹೀಟರು ಟಿಕ್ ಎಂದಿತು.
ಮಲ್ಕಿನ್ ವರದಿ ಮಗುಚಿ, ಖಾಲಿ ಹಿಂಪುಟದ ಮೇಲೆ ಲೆಕ್ಕ ಹಾಕಲೆಂದು
ಕಿಸೆಯಲ್ಲಿ ಪೆನ್ಸಿಲು ತಡಕಿದರು.
ನನ್ನದನ್ನು ಕೊಟ್ಟೆ.