ಇಳಿಸಿಕೊಳ್ಳುವ ಹಟ

ಹದಿನಾರು ವರ್ಷ ದುಡಿದ ಕಂಪ್ಯೂಟರು
ಮಾರ್ಚಿಯ ಒಂದು ಮಂಗಳವಾರ, ನಾನು ಮೇಣ ಕಾಯಿಸುತ್ತಿದ್ದಾಗ,
ಒಂದು ಸಲ ಕೆಮ್ಮಿ ಸುಮ್ಮನಾಯಿತು.
ಅದರ ಡಿಸ್ಕನ್ನು ಬಿಚ್ಚಿ ತೆಗೆದೆ (ಬಿಚ್ಚುವುದು ನನಗೆ ಬರುತ್ತದೆ),
ಬಟ್ಟೆ ಸುತ್ತಿ ರೀಡುಗಳ ಡ್ರಾಯರಿನಲ್ಲಿಟ್ಟೆ.

ಹೊಸದು ಬಂತು, ರೊಟ್ಟಿಯಷ್ಟು ತೆಳ್ಳಗೆ.
ಅಂಕೋನಾದ ಅಂಗಡಿಯ ನೊಯೆಮಿ ತಾನೇ ತಂದು
ಉಳಿ, ಅರ, ಹಿತ್ತಾಳೆ ಚೂರುಗಳನ್ನು ಸರಿಸಿ ಜಾಗ ಮಾಡಿದಳು.
‘ಮೇಲ್ ಇದರಲ್ಲೇ ಇದೆ, ಸೆತ್ತಿಮಿಯೊ.’
ವಿಳಾಸ ಕೊಟ್ಟೆ, ಪಾಸ್‌ವರ್ಡ್ ಕೊಟ್ಟೆ,
ಪಾಪ್ ಎಂದೆ.
ಅದಕ್ಕೆ ಗೊತ್ತೇ ಇಲ್ಲ.
ಹುಡುಕಿದೆವು. ಆ ಬಾಗಿಲಿರಬೇಕಾದ ಕಡೆ ಗೋಡೆ,
ನಿನ್ನೆಯಷ್ಟೇ ಸುಣ್ಣ ಬಳಿದಂತೆ.

‘ಅದು ಹಳೆಯದು. ಈಗ ಪತ್ರಗಳು ಅಲ್ಲೇ ಇರುತ್ತವೆ, ಮೇಲೆ.
ಎಲ್ಲಿಂದ ಬೇಕಾದರೂ ನೋಡಬಹುದು.’
ಎಲ್ಲಿಂದ?
ಈ ಸ್ಟೂಲಿನಿಂದ ಆ ಕಿಟಕಿಗೆ ಆರು ಹೆಜ್ಜೆ,
ಕಿಟಕಿಯಾಚೆ ಇಳಿಜಾರು, ಅದರಾಚೆ ಸಮುದ್ರದ ಒಂದು ಗೆರೆ.
ಕಾಸ್ತೆಲ್‌ಫಿದಾರ್ದೊ ಬಿಟ್ಟು ನಾನೆಲ್ಲಿ ಹೋಗಲಿ?
ಅಕಾರ್ಡಿಯನ್ನುಗಳೇ ನನ್ನಲ್ಲಿಗೆ ಬರುತ್ತವೆ,
ಅವುಗಳ ಕಾಯಿಲೆ ಮೊದಲೇ ಪತ್ರದಲ್ಲಿ ಬಂದಿರುತ್ತದೆ.
ಔಲುವಿನಿಂದ ಒಬ್ಬ:
ಬಲಗೈಯ ಮೂರನೇ ಗುಂಡಿ ನೆಗಡಿಯಾದವನಂತೆ ಹಾಡುತ್ತದೆ.
ಬಾರ್ರಾಂಕಿಯಾದಿಂದ ಒಬ್ಬಳು:
ಮದುವೆಮನೆಯಲ್ಲಿ ಯಾರೋ ಇದಕ್ಕೆ ಬಿಯರ್ ಕುಡಿಸಿಬಿಟ್ಟರು.
ಇಂಥವನ್ನು ಕಂಡವರ ಉಗ್ರಾಣದಲ್ಲಿ ಬಿಟ್ಟು
ದಿನಾ ಹೋಗಿ ಸರಳುಗಳ ಸಂದಿಯಿಂದ ಇಣುಕಿ ಬರಲೇ?
ನನಗೆ ಗೊತ್ತಿದ್ದ ಕ್ರಮ ಇಷ್ಟೇ:
ಹೋಗು, ನಿನ್ನದನ್ನು ತಗೋ, ಮನೆಗೆ ತಾ,
ಅಲ್ಲಿನ ಗೂಡು ಖಾಲಿಯಾಗಲಿ.
ಖಾಲಿ ಗೂಡಿಗೂ ಒಂದು ಮರ್ಯಾದೆ ಇದೆ.

ಸರಿ, ಬೇರೆ ಪ್ರೋಗ್ರಾಂ ನೋಡೋಣ ಎಂದಳು, ಗಡಿಯಾರ ನೋಡುತ್ತ.
ಮೊದಲನೆಯದು ಪತ್ರಗಳ ನಡುವೆ ಶೂ ಮಾರುತ್ತಿತ್ತು.
ಎರಡನೆಯದು ಬಲು ಚೆಂದ, ತಿಂಗಳಿಗೆ ಆರು ಯೂರೋ.
ನನ್ನ ಪತ್ರ ನಾನೋದಲು ಬಾಡಿಗೆಯೇ?
ಇನ್ನೊಂದಕ್ಕೆ ಪಾಪ್ ಬರುತ್ತಿತ್ತು,
ಆದರೆ ನನ್ನ ಬೀಗದ ಕೈ ತನ್ನ ಬಳಿಯೂ ಇರಲಿ ಎಂದಿತು.
ಕಡೆಯದು ಕುರೂಪಿ. ಒದ್ದೆ ಸಿಮೆಂಟಿನ ಬಣ್ಣ.
ಹೊತ್ತು ಸಿಕ್ಕಾಗ ಯಾರ್ಯಾರೋ ಪುಕ್ಕಟೆ ಕಟ್ಟಿದ್ದಂತೆ,
ಮುಚ್ಚಳ ಒಂದು ಕಡೆ, ಹಿಡಿ ಇನ್ನೊಂದು ಕಡೆ.
ಅದು ಮಾತ್ರ ನೆಟ್ಟಗೆ ಕೇಳಿತು:
ಯಾವ ಪೋರ್ಟು?
ಒಂಬೈನೂರ ತೊಂಬತ್ತೈದು, ಅಂದೆ, ಥಟ್ಟನೆ.
ನೊಯೆಮಿ ತಿರುಗಿ ನೋಡಿದಳು.
ಅಲ್ಲಮ್ಮ, ನಾನೂರ ನಲವತ್ತೆರಡರ ಜೊತೆ ಬಾಳಿದವನು ನಾನು:
‘ಲಾ’ ಸೆಕೆಂಡಿಗೆ ಅಷ್ಟು ಸಲ ನಡುಗದಿದ್ದರೆ
ಉಕ್ಕಿನ ನಾಲಿಗೆಯನ್ನು ಕೆರೆಯಬೇಕು, ಕೂದಲೆಳೆಯಷ್ಟು.

ಆಮೇಲೊಂದು ಪುಟ್ಟ ಚೌಕ.
ಪ್ರತಿಯನ್ನು ಸರ್ವರಿನಲ್ಲೂ ಉಳಿಸಬೇಕೇ? ಎಷ್ಟು ದಿನ?

ಇಷ್ಟು ಹೊತ್ತು ವಾದಿಸಿದ ಬಾಯಿಗೆ ಮಾತು ಬರಲಿಲ್ಲ.
ಡ್ರಾಯರು ಕಣ್ಣೆದುರೇ ಇತ್ತು.
ಮನೆಗೆ ತಂದದ್ದೆಲ್ಲ ಅದರಲ್ಲಿ, ಬಟ್ಟೆಯೊಳಗೆ,
ಎತ್ತಿ ಅಲ್ಲಾಡಿಸಿದರೆ ಒಂದು ಸ್ವರವೂ ಇಲ್ಲ.
ನೊಯೆಮಿ ಏನೂ ಅನ್ನಲಿಲ್ಲ. ಅದು ಅವಳ ದೊಡ್ಡತನ.
ಅಕ್ಕಿಯ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ
ಎಂದುಕೊಂಡು ಗುರುತು ಹಾಕಿದೆ:
ಹದಿನಾಲ್ಕು ದಿನ.
ಹೊಸ ತಿದಿಯ ತೊಗಲು ಮೆತ್ತಗಾಗಲು ಬೇಕಾಗುವಷ್ಟು.

ಪರೀಕ್ಷೆಗೆಂದು ನನಗೆ ನಾನೇ ಬರೆದೆ:
ಸೆತ್ತಿಮಿಯೊ, ಇದ್ದೀಯಾ?
ಯಾವ ದೇಶದ ಯಾವ ತಣ್ಣನೆಯ ಕೋಣೆ ಸುತ್ತಿತೋ,
ಮೇಣ ಗಟ್ಟಿಯಾಗುವುದರೊಳಗೆ ಬಂತು.
ಅದಕ್ಕೂ ಮುಂಚೆ ಸಾಲಿನಲ್ಲಿ ನಿಂತಿದ್ದ ಔಲುವಿನವ,
ಹನ್ನೊಂದು ದಿನದಿಂದ:
‘ನನ್ನ ಪೆಟ್ಟಿಗೆ ತಲುಪಿತೇ? ಯಾಕೆ ಸುದ್ದಿಯಿಲ್ಲ?’

ತಲುಪಿದೆ ಮಾರಾಯ.
ಬೆಂಚಿನ ಮೇಲೆ ಬಾಯಿ ತೆರೆದು ಮಲಗಿದೆ.
ಮೂರನೇ ಗುಂಡಿಗೆ ನಿಜವಾಗಿಯೂ ನೆಗಡಿ.