ಮೀಸೆಗೆ ಮಣ್ಣು

ಜೆಜ್ಕಜ್ಗಾನಿನಲ್ಲಿ, ತಾಮ್ರ ಕರಗಿಸುವ ಚಿಮಣಿಯ ಹಿಂದೆ,
ಔಷಧಿ ಅಂಗಡಿಯ ಕೆಳಗೆ ಏಳು ಮೆಟ್ಟಿಲಿಳಿದರೆ
ನನ್ನ ಗೇಮಿಂಗ್ ಕ್ಲಬ್ಬು.
ಹನ್ನೊಂದು ಕಂಪ್ಯೂಟರು, ಒಂಬತ್ತು ನಡೆಯುತ್ತವೆ.
ಸೂರ್ಯಕಾಂತಿ ಬೀಜದ ಸಿಪ್ಪೆ
ಕೀಬೋರ್ಡಿಗೆ ಉದುರಿಸಿದವರಿಗೆ ಐವತ್ತು ತೆಂಗೆ ದಂಡ.

ಹೊರಗೆ ಮೈನಸ್ ಮೂವತ್ತೊಂದು. ಒಳಗೆ
ಒದ್ದೆ ಬೂಟಿನ ವಾಸನೆ, ಯಾರೋ ಯಾರನ್ನೋ ಕೊಂದ ಕೇಕೆ.
ತಾಯಂದಿರು ಮೆಟ್ಟಿಲ ಮೇಲಿಂದಲೇ ನನ್ನ ವಂಶಕ್ಕೆ ಶಾಪ ಹಾಕಿ
ಮಗನ ಕಿವಿ ಹಿಡಿದು ಎಳೆದೊಯ್ಯುತ್ತಾರೆ.
ಅವರ ಮಾತಲ್ಲಿ ಅರ್ಧ ನಿಜ ಇದೆ.
ಉಳಿದರ್ಧಕ್ಕೆ ನಾನೊಂದು ಆಟ ಬರೆದೆ.

ಒಂದು ಡಬ್ಬಿ, ಮೂರು ಜನ, ಒಂದು ಪ್ಯಾರಾಚೂಟು,
ಕೆಳಗೆ ನಮ್ಮದೇ ಬಟಾಬಯಲು,
ನೆಲ ಇನ್ನರ್ಧ ಮಾರು ಇರುವಾಗ ಉರಿಯಬೇಕಾದ ಬೆಂಕಿ.
ಮುಂಚೆ ಒತ್ತಿದರೂ ಸತ್ತೆ, ತಡವಾಗಿ ಒತ್ತಿದರೂ ಸತ್ತೆ.
ಬಂದೂಕಿಲ್ಲ, ನಾಣ್ಯವಿಲ್ಲ, ಹಿನ್ನೆಲೆಗೆ ಸಂಗೀತವಿಲ್ಲ.
ಯಾರೂ ಆಡಲಿಲ್ಲ, ತೋರೆಖಾನನ ಹೊರತು.

ಹನ್ನೆರಡು ವರ್ಷ. ಶಾಲೆಯಲ್ಲಿ ಭಿನ್ನರಾಶಿಗೆ ಸೊನ್ನೆ.
ಇಲ್ಲಿ ನಲವತ್ತಮೂರು ಸಲ ನೆಲಕ್ಕಪ್ಪಳಿಸಿ
ನೂರಿಪ್ಪತ್ತೊಂಬತ್ತು ಜನರನ್ನು ಕೊಂದು
ನಲವತ್ತನಾಲ್ಕನೆಯದಕ್ಕೆ ಮುಂಚೆ ಒಂದು ನೋಟ್‌ಬುಕ್ಕು ಕೇಳಿದ.
ಎತ್ತರ, ವೇಗ, ಗಾಳಿ ಎಂದು ಮೂರು ಗೆರೆ ಎಳೆದ.
ಗಣಿತದ ಮೇಡಂ ಗುಲ್ಬಾರ್ಶಿನ್ ಅವರೇ,
ವಿಜ್ಞಾನ ಅಂದರೆ ಇದೇ ಅಲ್ಲವೇ?

ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವಂತೆ.
ಮಂತ್ರಿಗೆ ಸರಿ, ಜಟ್ಟಿಗೂ ಸರಿಯೇನೋ.
ಇದು ಬೇರೆ ಗರಡಿ. ಇಲ್ಲಿ ಬಿದ್ದವನು
ಮೀಸೆ ಒರೆಸಿಕೊಳ್ಳದೆ
ಎಷ್ಟು ಮಣ್ಣು, ಎಡಕ್ಕೋ ಬಲಕ್ಕೋ
ತೂಗಿ ಬರೆದಿಡಬೇಕು.
ಮೀಸೆಯೇ ಬಾರದ ಹುಡುಗನಿಗೆ ಅದು ಬೇಗ ತಿಳಿಯಿತು.

ನನ್ನ ಭಾವ ಮಕ್ಸುತ್ ಇದನ್ನೆಲ್ಲ ನಂಬುವುದಿಲ್ಲ.
ಗುಜರಿಯವನು. ಕಳಚಿ ಬಿದ್ದ ರಾಕೆಟ್ಟಿನ ಹೊಟ್ಟೆ ಕೊಯ್ದು
ನಾಯಿಗೂಡು ಮಾಡುತ್ತಾನೆ, ಕೋಳಿಗೆ ನೀರಿನ ತೊಟ್ಟಿ ಮಾಡುತ್ತಾನೆ.
"ನಿನ್ನ ಬಾಹ್ಯಾಕಾಶ ನನಗೆ ಗೊತ್ತಿರುವುದು ಕಿಲೋ ಲೆಕ್ಕದಲ್ಲಿ.
ಮೇಲೆ ಹೋದದ್ದಕ್ಕೆ ಬಾವುಟ,
ಕೆಳಗೆ ಬಿದ್ದದ್ದಕ್ಕೆ ನನ್ನ ಎರಡು ಕುರಿ."
ಆ ಕುರಿಗಳು ಯಾತರಿಂದ ಸತ್ತವೋ ಯಾರೂ ಬಂದು ನೋಡಲಿಲ್ಲ.
ಮಂಗಳಕ್ಕೆ ಹೋಗಲೇಬೇಕೆನ್ನುವ ನನ್ನ ವಾದದಲ್ಲಿ
ಅವಕ್ಕೆ ಎಲ್ಲೂ ಜಾಗ ಸಿಗುತ್ತಿಲ್ಲ, ಇವತ್ತಿಗೂ.

ಏಪ್ರಿಲ್‌ನಲ್ಲಿ ಒಂದು ಡಬ್ಬಿ ನಿಜಕ್ಕೂ ಇಳಿಯಿತು.
ಮಕ್ಸುತ್‌ನ ಜೀಪಿನಲ್ಲೇ ಹೋದೆವು, ಕೆಸರಲ್ಲಿ ಎರಡು ಸಲ ಹೂತು.
ದೂರದಲ್ಲೇ ತಡೆದರು. ದುರ್ಬೀನು ಒಂದೇ, ಸರದಿ.
ಮೊದಲು ಪ್ಯಾರಾಚೂಟು, ಆಮೇಲೆ ಚಿಮ್ಮಿದ ಮಣ್ಣು,
ಆಮೇಲೆ, ತಡವಾಗಿ, ಸದ್ದು.
"ಎಪ್ಪತ್ತು ಸೆಂಟಿಮೀಟರು," ಅಂದ ತೋರೆಖಾನ್ ತನ್ನಷ್ಟಕ್ಕೆ.

ಒಬ್ಬಳನ್ನು ಎತ್ತಿ ತಂದು ಕುರ್ಚಿಯಲ್ಲಿ ಕೂರಿಸಿದರು.
ಆರು ತಿಂಗಳು ತೂಕವಿಲ್ಲದೆ ಬದುಕಿದವಳು
ಕತ್ತು ತಿರುಗಿಸಿದಳು, ತಲೆಯ ಮೇಲಲ್ಲ,
ತಲೆಯೇ ತುಂಬಿದ ಕೊಡವೇನೋ ಎಂಬಂತೆ.
"ಅಣ್ಣಾ, ಅವಳಿಗೆ ಲ್ಯಾಗ್ ಆಗ್ತಿದೆ."
ಮಕ್ಸುತ್ ನಕ್ಕ. ನಾನೂ.
ಯಾರೋ ಸೇಬು ಕೊಟ್ಟರು. ಒಂದು ಕಚ್ಚು ಕಚ್ಚಿ
ಪಕ್ಕದ ಗಾಳಿಯಲ್ಲಿಟ್ಟಳು,
ಮೇಜಿನ ಮೇಲಿಟ್ಟಂತೆ, ನಂಬಿ.
ಬಿದ್ದ ಸೇಬನ್ನು ಬಹಳ ಹೊತ್ತು ನೋಡಿದಳು.
ಆಗ ದುರ್ಬೀನು ಹುಡುಗನ ಕೈಲಿತ್ತು. ನಾನು ಕಂಡದ್ದಲ್ಲ,
ಅವನು ಹೇಳಿದ್ದು.

ಆ ಸೇಬನ್ನು ಆಟಕ್ಕೆ ಹಾಕು ಅಂತ ಹಟ.
ಮೂರು ರಾತ್ರಿ ಕೂತಿದ್ದೇನೆ. ನನ್ನ ಸೇಬು
ನೆಲವನ್ನೂ ತೂರಿ ಕೆಳಗೆ ಹೋಗುತ್ತಲೇ ಇದೆ.
"ಕುರಿಗಳನ್ನೂ ಹಾಕು," ಅಂದ ಮಕ್ಸುತ್, ಬಾಗಿಲಲ್ಲಿ ನಿಂತು,
ತಮಾಷೆಗೋ ಅಲ್ಲವೋ.
ಹಾಕಿದೆ, ಎರಡೇ. ಬಯಲಲ್ಲಿ ಎಲ್ಲೆಂದರಲ್ಲಿ ಮೇಯುತ್ತವೆ,
ಸದ್ದಿಗೆ ಬೆದರುವುದಿಲ್ಲ.

ತೋರೆಖಾನ್ ಮತ್ತೆ ಸೋಲತೊಡಗಿದ್ದಾನೆ.
ನೋಟ್‌ಬುಕ್ಕಿನಲ್ಲಿ ಈಗ ನಾಲ್ಕನೆಯ ಗೆರೆ.