ಐವತ್ತನಾಲ್ಕನೇ ಗಂಟೆ

ಶಿವಮೊಗ್ಗ ಬಸ್ ನಿಲ್ದಾಣದಲ್ಲಿ ಹತ್ತೊಂಬತ್ತು ವರ್ಷ
ಮೈಕು ಹಿಡಿದು ಹೊತ್ತು ಕೂಗಿದವನು ನಾನು.
ಸಾಗರ ಎಂಟೂ ಹತ್ತು, ಹೊನ್ನಾಳಿ ಎಂಟೂ ಕಾಲು,
ಎರಡು ನಿಮಿಷ ತಡವಾದರೆ ಡ್ರೈವರುಗಳ ಮೇಲೆ ಹರಿಹಾಯ್ದವನು.
"ಇವರಿಗೆ ಪಿತ್ತ ನೆತ್ತಿಗೇರಿದೆ" ಅನ್ನುತ್ತಿದ್ದಳು ಸುಲೋಚನ.
ಏರಿರಲಿಲ್ಲ ಕಣೇ.
ಬಲಪಕ್ಕೆಯ ಕೆಳಗೇ ಕೂತು
ಬಾಗಿಲಿಗೆ ಕಲ್ಲು ಅಡ್ಡವಿಟ್ಟುಕೊಂಡಿತ್ತು.

ಭಾನುವಾರ ರಾತ್ರಿ ಹತ್ತೂವರೆಗೆ ಶುರು.
ಷಡ್ಡಕನ ಮನೆ ಊಟ, ಕಡುಬು, ಕೋಳಿಸಾರು.
ಗ್ಯಾಸು ಅಂದೆ, ಸೋಡಾ ಕುಡಿದೆ.
ಸೋಮವಾರ ಜೀರಿಗೆ ಕಷಾಯ,
ಮೆಡಿಕಲ್ ಶಾಪಿನ ಹುಡುಗ ಕೊಟ್ಟ ಗುಲಾಬಿ ಗುಳಿಗೆ.
ಮಂಗಳವಾರ ಡ್ಯೂಟಿಗೇ ಹೋದೆ.
ತೀರ್ಥಹಳ್ಳಿ ಕೂಗುವಾಗ ಉಸಿರು ನಡುವೆ ಸಿಕ್ಕಿಕೊಂಡು
ತೀರ್ಥ ಮೈಕಿನಲ್ಲಿ ಹೋಯಿತು,
ಹಳ್ಳಿ ನನ್ನೊಳಗೇ ಉಳಿಯಿತು.
ಜನ ನಕ್ಕರು.

ಡಾಕ್ಟರ್ ಸಫೂರಾ, ನನ್ನ ಮಗಳ ವಯಸ್ಸು,
ಪಕ್ಕೆಯಡಿ ಬೆರಳೊತ್ತಿ "ಉಸಿರೆಳೀರಿ" ಅಂದರು.
ಎಳೆದೆ. ಅದೇ ಸ್ಟಾಪಿನಲ್ಲಿ ನಿಂತಿತು.
"ನೋವು ಶುರುವಾಗಿದ್ದು ಎಷ್ಟು ಗಂಟೆಗೆ?"
ಇಂಥ ಪ್ರಶ್ನೆ ಕೇಳುವವರು ನನಗೆ ಇಷ್ಟ.
"ಭಾನುವಾರ ಹತ್ತೂ ಮೂವತ್ತು."
ಬೆರಳು ಮಡಚಿ ಎಣಿಸಿದರು.
"ನಲವತ್ತೊಂದು ಗಂಟೆ. ಹೊತ್ತಿದೆ.
ಇವತ್ತು ರಾತ್ರಿಯೇ ಪಿತ್ತಕೋಶ ತೆಗೆದುಬಿಡೋಣ."

ನನಗೆ ಚೌಡಪ್ಪ ನೆನಪಾದ.
ಆಗಿನ ಮಾತೇ ಬೇರೆ: ಬೆಂಕಿಯಲ್ಲಿ ಕೈಹಾಕಬಾರದು,
ತಣ್ಣಗಾಗಲಿ, ಆರು ವಾರ ಬಿಟ್ಟು ಬಾ.
ಬಿಟ್ಟ. ಗಂಜಿ ಕುಡಿದ. ಕ್ಯಾಲೆಂಡರಿನಲ್ಲಿ ಗೀಟು ಎಳೆದ.
ಐದನೇ ವಾರ ಆಗುಂಬೆ ಘಾಟಿಯ ತಿರುವಿನಲ್ಲಿ ಮತ್ತೆ ಹಿಡಿಯಿತು.
ಹ್ಯಾಂಡ್‌ಬ್ರೇಕ್ ಎಳೆದೇ
ಸ್ಟೇರಿಂಗಿನ ಮೇಲೆ ಬಿದ್ದ, ಪುಣ್ಯಾತ್ಮ.
ನಲವತ್ತೆರಡು ಜನ ಇಳಿದು
ಏನು ಮಾಡಬೇಕೆಂದು ತೋಚದೆ ನಿಂತಿದ್ದರಂತೆ.

"ಆ ಆರು ವಾರದ ಮಾತು?" ಕೇಳಿದೆ.
"ನಮ್ಮ ಮೇಷ್ಟ್ರೂ ಹಾಗೇ ಅನ್ನೋರು. ಬಂಗಾರದ ಕೈ ಅವರದ್ದು."
ಸ್ವಲ್ಪ ಹೊತ್ತು ಸುಮ್ಮನಿದ್ದು,
"ಮೊದಲೆರಡು ಮೂರು ದಿನ ಊತದಲ್ಲಿ ನೀರಿರುತ್ತೆ,
ಪದರ ತಾನೇ ಬಿಟ್ಟುಕೊಡುತ್ತೆ.
ಆಮೇಲೆ ಎಲ್ಲಾ ಅಂಟಿಕೊಳ್ಳುತ್ತೆ."

ಅರ್ಥವಾಯಿತು. ಮಳೆಗೆ ನೆನೆದ ಟಿಕೆಟ್ ಕಟ್ಟು.
ಹಸಿಯಿದ್ದಾಗ ಒಂದೊಂದೇ ಸುಲಿದು ಬರುತ್ತೆ.
ಒಣಗಲಿ ಅಂತ ಬಿಟ್ಟಿರೋ, ಇಟ್ಟಿಗೆ.
ಎಳೆದರೆ ಯಾವ ಊರು ಹರಿಯುತ್ತೋ ಹೇಳಲಾಗದು.

ರಾತ್ರಿ ಥಿಯೇಟರು ಖಾಲಿಯಿಲ್ಲ.
ಹೊಸನಗರದಿಂದ ಹೆರಿಗೆ ಕೇಸು, ಅವಳು ಮೊದಲು.
ಹತ್ತೂವರೆ. ನಲವತ್ತೆಂಟು.
ಒಂದೂವರೆ. ಐವತ್ತೊಂದು.
"ಬರುತ್ತೆ, ಕೂತ್ಕೊಳ್ಳಿ" ಅಂದಳು ಸುಲೋಚನ,
ಹತ್ತೊಂಬತ್ತು ವರ್ಷ ನಾನು ಊರಿಗೆಲ್ಲ ಹೇಳಿದ್ದನ್ನೇ.
ಪ್ಯಾಸೇಜಿನ ಆ ಕೊನೆಯಲ್ಲಿ ಕೂಸು ಅತ್ತಿತು.
ಯಾರೋ ಬಕೆಟ್ಟು ಎಳೆದರು.

ನಾಲ್ಕೂವರೆಗೆ ನನ್ನ ಟ್ರಾಲಿ ಹೊರಟಿತು. ಐವತ್ತನಾಲ್ಕು.
ಮೂಗಿಗೆ ಮಾಸ್ಕ್ ಇಟ್ಟವರು ಎಣಿಸಿ ಅಂದರು.
ಅಂಕಿ ಬಾಯಿಗೆ ಬರಲಿಲ್ಲ, ಊರು ಬಂತು:
ಆಯನೂರು, ಕುಂಸಿ, ಆನಂದಪುರ...
ಸಾಗರ ಮುಟ್ಟಿದ್ದು ಗೊತ್ತಿಲ್ಲ.

ಕಣ್ಣು ಬಿಟ್ಟಾಗ ಹೊಟ್ಟೆಗೆ ನಾಲ್ಕು ಪಟ್ಟಿ,
ತಲೆದೆಸೆಯಲ್ಲಿ ಸಣ್ಣ ಸೀಸೆ,
ಅದರೊಳಗೆ ನೆನೆಸಿದ ಕಡಲೆಯಂಥ ಮೂರು ಕಲ್ಲು.
ಎದುರು ಗೋಡೆಯಲ್ಲಿ ಗಡಿಯಾರ.
ಹೊರಗೆ ಕಾರ್ಖಾನೆಯ ಸೈರನ್ ಆಗಷ್ಟೇ ಕೂಗಿತ್ತು.
"ಸಿಸ್ಟರ್, ಅದು ಏಳು ನಿಮಿಷ ಮುಂದಿದೆ" ಅಂದೆ.

ಫಿಲೋಮಿನಾ ಸಿಸ್ಟರ್ ತಿರುಗಿಯೂ ನೋಡದೆ
ಬಾಗಿಲಾಚೆ ಕೂಗಿ ಹೇಳಿದರು:
"ಸುಲೋಚನಮ್ಮಾ, ನಿಮ್ಮವರು ಸರಿಹೋದರು."